ವಚನ ಪಿತಾಮಹ ಹಳಕಟ್ಟಿಯವರ ನಿತ್ಯಕಾಯಕ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕೂರಿಗೆಯನ್ನು ಹೊರತೆಗೆಯುವ ಒಕ್ಕಲಿಗನಲ್ಲಿ ಉತ್ಸಾಹವು ತಾನಾಗಿಯೇ ಉಕ್ಕುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ ಮೊದಲಾದ ಊರುಗಳ ಸೀಮೆಯಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುವ ಪದ್ಧತಿ ಹಿಂದಿನಿಂದ ಬಂದುದು. ಬಿತ್ತನೆಯ ದಿನ ಮನೆಯ ಹಿರಿಯರಿಗೂ ಹುರುಪು, ಮಕ್ಕಳಿಗೂ ಹುರುಪು, ಎತ್ತುಗಳ ನಡಿಗೆಯಲ್ಲಿಯೂ ಒಂದು ಹುರುಪು. ಆದರೆ ತಿಂಗಳೊಪ್ಪತ್ತು ಕಳೆದು, ಕಳೆಯು ಪೈರಿನ ಸಮಕ್ಕೆ ನಿಂತು, ಜಿಟಿಜಿಟಿ ಮಳೆಯಲ್ಲಿ ಬೆನ್ನು ಬಾಗಿಸಿ ದಿನವಿಡೀ ಎಡೆ ಹೊಡೆಯುವ, ಕಳೆ ಕೀಳುವ ಕಾಲ ಬಂದಾಗ ಅದೇ ಒಕ್ಕಲಿಗನ ಮನಸ್ಸು ಊರ ಕಟ್ಟೆಯ ಮೇಲೆ ಕುಳಿತುಬಿಡುತ್ತದೆ. ದೇಹದಲ್ಲಿ ರೋಗವಿಲ್ಲ, ಕೆಲಸವು ಅವಶ್ಯವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಕಾಲು ಏಳುವುದಿಲ್ಲ. ಒಕ್ಕಲಿಗನ ಮಾತು ಹಾಗಿರಲಿ. ಶ್ರಾವಣದ ಮೊದಲ ಸೋಮವಾರ ಅತ್ಯಂತ ಭಕ್ತಿಯಿಂದ ಹಿಡಿದ ನಿಯಮವು ಮೂರನೆಯ ವಾರಕ್ಕೆ ಸಡಿಲಾಗುವುದನ್ನು ಕಾಣದ ಭಕ್ತನು ವಿರಳ. ಹೊಸ ಪುಸ್ತಕದ ವಾಸನೆ ಆರುವ ಮೊದಲೇ ಓದಿನಲ್ಲಿ ಬೇಸರಗೊಳ್ಳುವ ವಿದ್ಯಾರ್ಥಿ, ವರುಷಗಟ್ಟಲೆ ಅದೇ ಒಲೆಯ ಮುಂದೆ ಅದೇ ರೊಟ್ಟಿ ಬಡಿದು ಒಂದು ಮುಂಜಾವಿನಲ್ಲಿ ಏಕೋ ಏಳಲಾರೆನೆಂದು ಗೋಡೆಗೆ ಮುಖ ಮಾಡಿ ಮಲಗುವ ಗೃಹಿಣಿ, ಇವರೆಲ್ಲರ ಅನುಭವವೂ ಒಂದೇ ಜಾತಿಯದು.

ಯೋಗಶಾಸ್ತ್ರಕಾರರು ಚಿತ್ತದ ಏಕಾಗ್ರತೆಗೆ ಅಡ್ಡಬರುವ ಒಂಬತ್ತು ಅಂತರಾಯಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ವ್ಯಾಧಿಯು ಮೊದಲನೆಯದು. ಅದರ ಬೆನ್ನಿಗೇ ಸ್ತ್ಯಾನವು ಬರುತ್ತದೆ. ಆಲಸ್ಯವನ್ನು ಅವರು ಬೇರೆಯಾಗಿಯೇ ಎಣಿಸಿರುವರೆಂಬುದು ಗಮನಿಸತಕ್ಕ ವಿಷಯ. ಸ್ತ್ಯಾನವೆಂದರೆ ಚಿತ್ತವು ಕರ್ಮಕ್ಕೆ ಒದಗದೆ ಹೆಪ್ಪುಗಟ್ಟಿದಂತಾಗುವುದು. ಆಲಸ್ಯವೆಂದರೆ ದೇಹಚಿತ್ತಗಳು ಭಾರವಾಗಿ ಪ್ರವೃತ್ತಿಯೇ ಹುಟ್ಟದಿರುವುದು. ಲೋಕದಲ್ಲಿ ಇವೆರಡನ್ನೂ ಒಂದೇ ಹೆಸರಿನಿಂದ ಕರೆದು, ಮೈಗಳ್ಳತನವೆಂದು ಬಯ್ಯುವುದು ವಾಡಿಕೆಯಾಗಿದೆ. ಸೋಮಾರಿಗೆ ಬೈಗುಳವು ಒಮ್ಮೊಮ್ಮೆ ಔಷಧವಾದೀತು. ಆದರೆ ಹೆಪ್ಪುಗಟ್ಟಿದ ಮನಸ್ಸಿಗೆ ಬೈಗುಳವು ಮತ್ತಷ್ಟು ಚಳಿಯನ್ನೇ ತರುವುದು. ಇನ್ನು ಆ ಪಟ್ಟಿಯ ಕೊನೆಯ ಭಾಗದಲ್ಲಿ ಅಲಬ್ಧಭೂಮಿಕತ್ವವೆಂಬ ಮತ್ತೊಂದು ಅಂತರಾಯವಿದೆ. ಎಷ್ಟು ಸಾಧನೆ ಮಾಡಿದರೂ ಕಾಲಿಗೆ ನೆಲವೇ ಸಿಕ್ಕದಂತಾಗುವುದು ಅದರ ಲಕ್ಷಣ. ಮಾಡಿದ ಕೆಲಸದ ಫಲವು ಕಣ್ಣಿಗೆ ಕಾಣದಿದ್ದಾಗ ಗೃಹಸ್ಥನ ಉತ್ಸಾಹವು ಬತ್ತುವುದು ಬಹುಶಃ ಇದರಿಂದಲೇ.

ಶರಣರು ಇದಕ್ಕೆ ಕಂಡುಕೊಂಡ ಉಪಾಯವು ಕಾಯಕ. ಕಾಯಕದ ಮಹಿಮೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ಪಾವಿತ್ರ್ಯವನ್ನು ಹೇಳಿ ಮುಗಿಸುತ್ತಾರೆ. ಅದರ ಅಳತೆಯನ್ನು ಹೇಳುವುದಿಲ್ಲ. ಆಯ್ದಕ್ಕಿ ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಅವನ ಸತಿ ಲಕ್ಕಮ್ಮನು ಕಾಯಕದ ಹೊತ್ತು ಮೀರುತ್ತಿರುವುದನ್ನು ನೆನಪಿಸಿ ಎಬ್ಬಿಸಿದಳು. ಅದೇ ಮಾರಯ್ಯನು ಇನ್ನೊಂದು ದಿನ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಕಥೆಯ ಮೊದಲ ಭಾಗವನ್ನು ಎಲ್ಲರೂ ಬಲ್ಲರು. ಎರಡನೆಯ ಭಾಗವನ್ನು ಆಶೆಯ ನಿಷೇಧವೆಂದು ಮಾತ್ರ ಅರ್ಥಮಾಡುವುದು ರೂಢಿ. ಆದರೆ ಒಂದು ದಿನ ಮೂರು ದಿನದ ಕೆಲಸವನ್ನು ಮಾಡಿದವನು ಮುಂದಿನ ಎರಡು ದಿನ ಏಳುವುದಿಲ್ಲವೆಂಬ ಲೋಕಾನುಭವವೂ ಅದರಲ್ಲಿ ಅಡಗಿದೆ. ದಿನಕ್ಕೊಂದು ಅಳತೆ, ಆ ಅಳತೆಗೆ ಕೊರತೆಯೂ ಇಲ್ಲ, ಮಿಕ್ಕುವುದೂ ಇಲ್ಲ. ಹನ್ನೆರಡನೆಯ ಶತಮಾನದ ಈ ಅಳತೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಹಿಡಿದು ಬದುಕಿದ ಒಬ್ಬ ಗೃಹಸ್ಥರು ಧಾರವಾಡದಲ್ಲಿ ಹುಟ್ಟಿದರು. ವಚನ ಪಿತಾಮಹರೆಂದು ನಾಡು ಕರೆಯುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರೇ ಅವರು.

ಅವರ ಜನನವು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಆಯಿತು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯ ಅಭ್ಯಾಸವುಳ್ಳವರು. ತಾಯಿ ದಾನಮ್ಮನವರು. ಲಿಂಗವಂತರ ಮನೆಯ ಮಗುವಿಗೆ ಫಕೀರಪ್ಪನೆಂಬ ಹೆಸರು ಹೇಗೆ ಬಂತೆಂದು ದೂರದವರು ಕೇಳುವುದುಂಟು. ಶಿರಹಟ್ಟಿಯ ಫಕೀರೇಶ್ವರರ ಗದ್ದುಗೆಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಅದು ಆಶ್ಚರ್ಯದ ಹೆಸರಲ್ಲ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಫಕೀರಪ್ಪನನ್ನು ಅಜ್ಜಿಯು ಸಾಕಿ ಬೆಳೆಸಿದಳು. ಧಾರವಾಡದಲ್ಲಿಯೇ ಓದಿ 1896ರಲ್ಲಿ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. 1901ರಲ್ಲಿ ಬಿ.ಎ. ಪದವಿಯನ್ನೂ, 1904ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದರು.

ಮುಂಬಯಿಯಲ್ಲಿ ಅವರಿಗೆ ಆಲೂರು ವೆಂಕಟರಾಯರ ಸ್ನೇಹವಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಆಲೂರರು ವಿಜಾಪುರದಲ್ಲಿ 1880ರ ಜುಲೈ 12ರಂದು ಹುಟ್ಟಿದವರು. ಅಂದರೆ ಹಳಕಟ್ಟಿಯವರಿಗಿಂತ ಹತ್ತೇ ದಿನ ಚಿಕ್ಕವರು. ವಿಜಾಪುರದಲ್ಲಿ ಹುಟ್ಟಿದವರು ಧಾರವಾಡವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡರು, ಧಾರವಾಡದಲ್ಲಿ ಹುಟ್ಟಿದವರು ವಿಜಾಪುರವನ್ನು. ಮರಾಠಿ ಗುಜರಾತಿಗಳ ಜನರು ತಮ್ಮ ಭಾಷೆಯನ್ನು ಎತ್ತಿ ನಿಲ್ಲಿಸುತ್ತಿದ್ದ ಆ ಮಹಾನಗರದಲ್ಲಿ, ಕನ್ನಡದ ಸ್ಥಿತಿಯನ್ನು ನೆನೆದು ಕೊರಗಿದ ತರುಣರ ಪೈಕಿ ಇವರಿಬ್ಬರೂ ಸೇರಿದ್ದರು. ಅಂತಹ ಕೊರಗು ಆ ವಯಸ್ಸಿನಲ್ಲಿ ಎಲ್ಲರಿಗೂ ಇರುವುದೇ. ಊರಿಗೆ ಮರಳಿ ಸಂಸಾರ ಹೂಡಿದೊಡನೆ ಅದು ಇಳಿಯುವುದೂ ಸಹಜವೇ. ಹಳಕಟ್ಟಿಯವರಲ್ಲಿ ಅದು ಏಕೆ ಇಳಿಯಲಿಲ್ಲವೆಂಬುದೇ ಅವರ ಚರಿತ್ರೆಯಲ್ಲಿ ವಿಚಾರಿಸತಕ್ಕ ಸಂಗತಿ.

1904ರಲ್ಲಿ ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದ ಅವರು ಅದೇ ವರುಷ ವಿಜಾಪುರಕ್ಕೆ ಹೋಗಿ ನೆಲೆಸಿದರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ಪಟ್ಟಣವು ಆಗ ಬರಗಾಲಕ್ಕೆ ಹೆಸರಾಗಿತ್ತು. ವಿದ್ಯೆಗೆ ಅನುಕೂಲವಿರಲಿಲ್ಲ, ರೈತನಿಗೆ ಸಾಲ ಕೊಡುವ ಸಂಸ್ಥೆಯಿರಲಿಲ್ಲ. ವಕೀಲಿಯು ಕೈಹಿಡಿಯಿತು, ಮುಂದೆ ಸರಕಾರಿ ವಕೀಲರೂ ಆದರು. 1910ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಮುಂದಾಳುಗಳಾದರು. ನಗರಸಭೆಯಲ್ಲಿ ದುಡಿದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಸದಸ್ಯರಾದರು. ಇವಿಷ್ಟೇ ಆಗಿದ್ದರೂ ಒಂದು ಜನ್ಮಕ್ಕೆ ಸಾಕಾಗುವ ಕೀರ್ತಿ. ಆದರೆ ಈ ಕೆಲಸಗಳಿಗೆಲ್ಲ ಸಭೆಯಿತ್ತು, ಸಂಗಡಿಗರಿದ್ದರು, ಹಾರತುರಾಯಿಗಳಿದ್ದವು. ಜನರ ನಡುವೆ ಮಾಡುವ ಕೆಲಸಕ್ಕೆ ಜನರೇ ಉತ್ಸಾಹವನ್ನು ಒದಗಿಸುತ್ತಾರೆ. ಅವರ ಹೆಸರನ್ನು ಉಳಿಸಿದ ಕಾಯಕವಾದರೋ ಒಬ್ಬಂಟಿಯಾಗಿ, ದೀಪದ ಮುಂದೆ ಕುಳಿತು ಮಾಡಬೇಕಾದುದಾಗಿತ್ತು.

ರಬಕವಿ, ಬನಹಟ್ಟಿಗಳ ಕಡೆಯ ಭಕ್ತರ ಮನೆಗಳಲ್ಲಿ ಅವರಿಗೆ ವಚನಗಳ ತಾಡವೋಲೆಗಳು ಕಣ್ಣಿಗೆ ಬಿದ್ದುವು. ಆ ಕಾಲದಲ್ಲಿ ವಚನಗಳ ಗತಿ ಏನಾಗಿತ್ತೆಂಬುದನ್ನು ಇಂದಿನ ವಾಚಕರು ಊಹಿಸುವುದು ಕಷ್ಟ. ಮಠಮಾನ್ಯಗಳಲ್ಲಿಯೂ ಮನೆಗಳ ಜಗುಲಿಯ ಮೇಲೆಯೂ ಓಲೆಯ ಕಟ್ಟುಗಳಿದ್ದುವು. ಹಬ್ಬದ ದಿನ ಅವಕ್ಕೆ ವಿಭೂತಿ ಪತ್ರಿಗಳನ್ನಿಟ್ಟು ಪೂಜೆ ನಡೆಯುತ್ತಿತ್ತು, ಬಿಚ್ಚಿ ಓದುವವರಿರಲಿಲ್ಲ. ಪೂಜೆಗೊಂಡ ಕಟ್ಟಿನೊಳಗೆ ನುಸಿಯು ತನ್ನ ಕೆಲಸವನ್ನು ನಡೆಸಿಯೇ ಇತ್ತು. ಕೆಲವು ಕಟ್ಟುಗಳು ಜೀರ್ಣವಾದುವೆಂದು ಹೊಳೆಯ ಪಾಲಾದುವು. ಕೇಳಹೋದವರಿಗೆ ಕೊಡಲು ಎಷ್ಟೋ ಮನೆಯವರು ಒಪ್ಪುತ್ತಿರಲಿಲ್ಲ. ಪೂಜೆಯ ವಸ್ತುವನ್ನು ಹೊರಗಿನವರ ಕೈಗೆ ಕೊಡುವುದು ಹೇಗೆಂಬ ಅವರ ಸಂಕೋಚವನ್ನು ತಪ್ಪೆನ್ನಲಾಗದು. ಆ ಸಂಕೋಚವಿಲ್ಲದಿದ್ದರೆ ಅಷ್ಟು ಕಾಲ ಕಟ್ಟುಗಳು ಉಳಿಯುತ್ತಲೂ ಇರಲಿಲ್ಲ. ಹಳಕಟ್ಟಿಯವರು ಕೋರ್ಟಿನ ರಜೆಯ ದಿನಗಳಲ್ಲಿ ಊರೂರು ತಿರುಗಿದರು. ಬಂಡಿಯಿದ್ದಲ್ಲಿ ಬಂಡಿಯಲ್ಲಿ, ಇಲ್ಲದೆಡೆ ಸೈಕಲ್ಲಿನಲ್ಲಿ, ಅದೂ ನಡೆಯದಲ್ಲಿ ಕಾಲ್ನಡಿಗೆಯಿಂದ ಹೋದರು. ಕೊಟ್ಟವರ ಮನೆಯಿಂದ ಕಟ್ಟನ್ನು ತಂದರು. ಕೊಡದವರ ಮನೆಗೆ ಮತ್ತೆ ಹೋದರು.

ಕಟ್ಟು ಮನೆಗೆ ಬಂದ ಮೇಲೆ ನಿಜವಾದ ದುಡಿಮೆಯ ಆರಂಭ. ತಾಡವೋಲೆಯ ಮೇಲೆ ಅಕ್ಷರಗಳನ್ನು ಕಂಠದಿಂದ ಕೊರೆದಿರುತ್ತಾರೆ, ಶಾಯಿಯಿಂದ ಬರೆದಿರುವುದಿಲ್ಲ. ಹಳೆಯ ಓಲೆಯಾದರೆ ಎಣ್ಣೆಯನ್ನು ಸವರಿ, ಮೆದುಗೊಳಿಸಿ, ಕಾಡಿಗೆಯನ್ನು ತೀಡಿ ಒರೆಸಿದ ಮೇಲೆಯೇ ಕೊರೆದ ಗೆರೆಗಳು ಕಪ್ಪಾಗಿ ಮೂಡುವುವು. ಅವಸರ ಮಾಡಿದರೆ ಗರಿಯು ಬೆರಳ ಸಂದಿನಲ್ಲಿ ಪುಡಿಯಾಗುತ್ತದೆ. ಪದ ಪದಗಳ ನಡುವೆ ಎಡೆಯಿಲ್ಲ. ಹ್ರಸ್ವದೀರ್ಘಗಳ ಭೇದವನ್ನು ಎಷ್ಟೋ ಲಿಪಿಕಾರರು ಲೆಕ್ಕಿಸಿಲ್ಲ. ಎ ಏ, ಒ ಓ ಎಂಬವುಗಳಲ್ಲಿ ಯಾವುದೆಂಬುದನ್ನು ಅರ್ಥದಿಂದ ತಿಳಿಯಬೇಕು. ಒಂದು ವಚನವು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗಿತೆಂಬುದಕ್ಕೆ ಅಂಕಿತವೇ ಗುರುತು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಮೊದಲಾದ ಪ್ರಸಿದ್ಧ ಅಂಕಿತಗಳು ಬಂದಲ್ಲಿ ಸುಲಭ. ಎಂದೂ ಕೇಳದ ಅಂಕಿತವು ಬಂದಾಗ ಆ ಶರಣನು ಯಾರು, ಯಾವ ಕಾಯಕದವನು, ಯಾವ ಪುರಾಣದಲ್ಲಿ ಅವನ ಕಥೆಯಿದೆಯೆಂದು ಹುಡುಕಬೇಕು. ಒಂದು ಪ್ರತಿಯಲ್ಲಿ ನುಸಿ ತಿಂದ ಪದವನ್ನು ಇನ್ನೊಂದು ಪ್ರತಿಯಲ್ಲಿ ನೋಡಿ ತುಂಬಬೇಕು. ಇನ್ನೊಂದು ಪ್ರತಿಯು ಇನ್ನಾವುದೋ ಊರಿನ ಜಗುಲಿಯ ಮೇಲಿರುತ್ತದೆ.

ಈ ಕೆಲಸವು ಒಂದೆರಡು ವರುಷ ನಡೆಯಿತೆಂದಲ್ಲ. ವಚನಶಾಸ್ತ್ರಸಾರದ ಮೊದಲ ಭಾಗವು ಅಚ್ಚಾಗಿ ಹೊರಬಂದುದು 1923ರಲ್ಲಿ. ವಿಜಾಪುರಕ್ಕೆ ಬಂದ ಮೇಲೆ ಹತ್ತೊಂಬತ್ತು ವರುಷಗಳು ಅಷ್ಟರಲ್ಲಿ ಕಳೆದಿದ್ದುವು. ಯೋಗಶಾಸ್ತ್ರದವರು ಹೇಳುವ ಅಲಬ್ಧಭೂಮಿಕತ್ವಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಪ್ರತಿ ಇರುಳು ಕೆಲವು ಗರಿಗಳು ಕಾಗದಕ್ಕೆ ಇಳಿಯುವುವು, ಬೆಳಗಾದರೆ ಕೋರ್ಟು, ಕಕ್ಷಿದಾರರು, ಸಂಸ್ಥೆಗಳ ಲೆಕ್ಕಪತ್ರಗಳು. ಲೋಕಕ್ಕೆ ತೋರಿಸಲು ಒಂದು ಪುಸ್ತಕವೂ ಕೈಯಲ್ಲಿಲ್ಲ.

ಅಚ್ಚಿಗೆ ಕೊಡುವ ಹೊತ್ತಿಗೆ ಮತ್ತೊಂದು ಆಘಾತವು ಕಾದಿತ್ತು. ಕನ್ನಡದ ಅಂದವಾದ ಅಚ್ಚಿಗೆ ಆಗ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಹೆಸರಾಗಿತ್ತು. ಹಳಕಟ್ಟಿಯವರು ಹಸ್ತಪ್ರತಿಯನ್ನು ಅಲ್ಲಿಗೆ ಕಳುಹಿಸಿದರು. ಕೆಲವು ಕಾಲದ ಮೇಲೆ ಮುದ್ರಣಾಲಯದವರು ಅಚ್ಚು ಮಾಡದೆ ಅದನ್ನು ಹಿಂದಿರುಗಿಸಿದರು. ಅನ್ಯಮತದ ತತ್ತ್ವಗ್ರಂಥವನ್ನು ತಮ್ಮ ಮಿಶನ್ನಿನ ಯಂತ್ರದಿಂದ ಅಚ್ಚು ಮಾಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ನಡೆದುಬಂದ ಮಾತು. ಆ ಮುದ್ರಣಾಲಯವು ಕನ್ನಡಕ್ಕೆ ಮಾಡಿದ ಉಪಕಾರವು ಬೇರೆ ಬಗೆಯಲ್ಲಿ ಬಹಳ ದೊಡ್ಡದು; ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾದುದು. ಆದುದರಿಂದ ಅವರನ್ನು ನಿಂದಿಸುವುದರಿಂದ ಪ್ರಯೋಜನವಿಲ್ಲ. ಹಳಕಟ್ಟಿಯವರೂ ನಿಂದೆಯಲ್ಲಿ ಕಾಲಹರಣ ಮಾಡಿದಂತೆ ಕಾಣುವುದಿಲ್ಲ. ಹಸ್ತಪ್ರತಿಯನ್ನು ಬೆಳಗಾವಿಯ ಮಹಾವೀರ ಮುದ್ರಣಾಲಯಕ್ಕೆ ಕೊಟ್ಟು ಅಚ್ಚು ಮಾಡಿಸಿದರು. ಇದಕ್ಕೂ ಹಿಂದಿನ ವರುಷ, 1922ರಲ್ಲಿ, ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಅವರು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ಇಷ್ಟಾದ ಮೇಲೆ ಸಾಮಾನ್ಯ ಮನುಷ್ಯನು ಬಿಡುವು ಪಡೆಯುತ್ತಿದ್ದನು. ಗ್ರಂಥ ಬಂತು, ವಿದ್ವಾಂಸರು ಮೆಚ್ಚಿದರು, ವಯಸ್ಸು ನಾಲ್ವತ್ತು ದಾಟಿತು. ಮಹತ್ಕಾರ್ಯವು ಮುಗಿದ ಬಳಿಕ ಮನಸ್ಸು ಬರಿದಾಗುವುದು ಲೋಕದಲ್ಲಿ ಪದೇ ಪದೇ ಕಾಣುವ ಸ್ಥಿತಿ. ಮಗಳ ಮದುವೆಯನ್ನು ಮುಗಿಸಿದ ಮರುವಾರದ ತಂದೆತಾಯಿಗಳನ್ನು ನೋಡಿದರೆ ಇದು ತಿಳಿಯುತ್ತದೆ. ಹಳಕಟ್ಟಿಯವರು ಆಗ ಮಾಡಿದ ಕೆಲಸವು ಮೇಲುನೋಟಕ್ಕೆ ಅವಿವೇಕದಂತೆ ಕಾಣುವುದು. ಅವರು 1925ರಲ್ಲಿ ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನು ಮಾರಿದರು. ಆ ಮುದ್ರಣಾಲಯಕ್ಕೆ ಹಿತಚಿಂತಕವೆಂದು ಹೆಸರಿಟ್ಟರು. ಮರುವರುಷ, 1926ರಲ್ಲಿ, ಶಿವಾನುಭವವೆಂಬ ಪತ್ರಿಕೆಯನ್ನು ತೊಡಗಿದರು. ಮೊದಲು ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಅದು ಮುಂದೆ ಮಾಸಿಕವಾಯಿತು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಹುಟ್ಟಿತು.

ಮನೆ ಮಾರಿದುದನ್ನು ತ್ಯಾಗವೆಂದು ಹೊಗಳುವವರು ಬಹಳ. ಅದು ತ್ಯಾಗವೇ ಸರಿ. ಮನೆಯವರ ಪಾಲಿನ ತ್ಯಾಗವನ್ನೂ ಅದರಲ್ಲಿ ಸೇರಿಸಿ ಹೇಳಬೇಕು, ಪತ್ನಿ ಭಾಗೀರಥಿಬಾಯಿಯವರ ಹೆಸರನ್ನು ಮರೆತು ಹೇಳಬಾರದು. ಆದರೆ ಗೃಹಸ್ಥನಿಗೆ ಅದಕ್ಕಿಂತಲೂ ಉಪಯುಕ್ತವಾದ ವಿಷಯವು ಇಲ್ಲಿ ಬೇರೆಯಿದೆ. ಗ್ರಂಥವನ್ನು ಬರೆಯುವವನಿಗೆ ನಾಳೆಯೆಂಬುದು ಯಾವಾಗಲೂ ಕಾದಿರುತ್ತದೆ. ಬೇಸರವಾದ ದಿನ ಗ್ರಂಥವನ್ನು ಮುಚ್ಚಿಟ್ಟರೆ ಕೇಳುವವರಿಲ್ಲ. ಪತ್ರಿಕೆಯ ಮಾತು ಹಾಗಲ್ಲ. ಗೊತ್ತಾದ ತಿಂಗಳಿಗೆ ಗೊತ್ತಾದ ಪುಟಗಳು ತುಂಬಲೇಬೇಕು. ಚಂದಾ ಕೊಟ್ಟವನು ದೂರದ ಹಳ್ಳಿಯಲ್ಲಿ ಅಂಚೆಯವನ ದಾರಿ ನೋಡುತ್ತಿರುತ್ತಾನೆ. ಮೊಳೆ ಜೋಡಿಸುವವನು ಬೆಳಿಗ್ಗೆ ಬಂದು, ಮುಂದಿನ ಹಾಳೆ ಎಲ್ಲಿಯೆಂದು ಕೈ ಚಾಚಿ ನಿಲ್ಲುತ್ತಾನೆ. ಆ ಹೊತ್ತಿಗೆ ಹಿಂದಿನ ಇರುಳು ಪ್ರತಿಮಾಡಿದ ನಾಲ್ಕು ವಚನಗಳು ಸಿದ್ಧವಿರಬೇಕು. ನಿನ್ನೆಯ ಕರಡಚ್ಚು ತಿದ್ದಿರಬೇಕು. ಉತ್ಸಾಹವಿದೆಯೋ ಇಲ್ಲವೋ ಎಂದು ಮನಸ್ಸನ್ನು ಕೇಳುವ ಅವಕಾಶವೇ ಅಲ್ಲಿಲ್ಲ. ಹಳಕಟ್ಟಿಯವರು ಇಷ್ಟನ್ನೆಲ್ಲ ಲೆಕ್ಕಹಾಕಿ ಪತ್ರಿಕೆಯನ್ನು ತೊಡಗಿದರೆಂದು ಹೇಳುವುದು ಅತಿಯಾದೀತು. ಆದರೆ ಪತ್ರಿಕೆಯು ಅವರ ಪಾಲಿಗೆ ಲಕ್ಕಮ್ಮನಂತೆ ನಿಂತುಕೊಂಡಿತು. ಹೊತ್ತು ಮೀರಿದರೆ ಎಬ್ಬಿಸುತ್ತಿತ್ತು. ಒಂದು ಸಂಚಿಕೆಗೆ ಬೇಕಾದುದಕ್ಕಿಂತ ಹೆಚ್ಚನ್ನು ಒಂದೇ ಸಲಕ್ಕೆ ಬೇಡುತ್ತಲೂ ಇರಲಿಲ್ಲ.

ಶಿವಾನುಭವವು ಸುಮಾರು ಮೂರೂವರೆ ದಶಕಗಳ ಕಾಲ ನಡೆಯಿತು. ಈ ಕಾಲದ ಉದ್ದವನ್ನು ಸ್ವಲ್ಪ ನಿಂತು ನೋಡಬೇಕು. ಆ ಅವಧಿಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಎರಡನೆಯ ಮಹಾಯುದ್ಧವು ಬಂದು ಹೋಯಿತು, ಯುದ್ಧದಲ್ಲಿ ಕಾಗದದ ಅಭಾವವು ನಾಡಿನ ಎಲ್ಲ ಪತ್ರಿಕೆಗಳನ್ನೂ ಕಾಡಿತು, ದೇಶವು ಸ್ವತಂತ್ರವಾಯಿತು, 1956ರಲ್ಲಿ ಕನ್ನಡನಾಡು ಒಂದಾಯಿತು. ವಿಜಾಪುರದ ಆ ಚಿಕ್ಕ ಮುದ್ರಣಾಲಯದಲ್ಲಿ ಮಾತ್ರ ತಿಂಗಳ ಪುಟಗಳು ಕೂಡುತ್ತಲೇ ಇದ್ದುವು. ಲೇಖನ ಬರೆಯುವುದು, ಕರಡು ತಿದ್ದುವುದು, ಅಚ್ಚಾದ ಪ್ರತಿಗಳನ್ನು ಅಂಚೆಗೆ ಹಾಕುವುದು, ಇವುಗಳಲ್ಲಿ ಮೇಲುಕೀಳೆಂಬ ಭೇದವನ್ನು ಅವರು ಎಣಿಸಲಿಲ್ಲ. ಚಂದಾದಾರರ ಸಂಖ್ಯೆ ಅಲ್ಪ. ಬಾಕಿಯನ್ನು ನಿಲ್ಲಿಸುವವರ ಸಂಖ್ಯೆ ಅಲ್ಪವಲ್ಲ. ವಕೀಲಿಯ ಆದಾಯವು ಮುದ್ರಣಾಲಯದ ಖರ್ಚಿಗೆ ಸಾಲದಾಯಿತು; ವಚನದ ಕೆಲಸ ಬೆಳೆದಂತೆಲ್ಲ ವಕೀಲಿಯೇ ಕುಗ್ಗಿತು. ತೇಪೆ ಹಾಕಿದ ಕೋಟನ್ನು ತೊಟ್ಟು ನಡೆಯುತ್ತಿದ್ದ ಅವರನ್ನು ಕಂಡವರು, ಈತನೇ ಒಂದು ಕಾಲದ ಸರಕಾರಿ ವಕೀಲನೆಂದು ನಂಬುತ್ತಿರಲಿಲ್ಲವಂತೆ.

ಅವರ ಚರಿತ್ರೆಯನ್ನು ಬರೆದ ಕೆಲವರು ಅವರನ್ನು ಎಂದಿಗೂ ಬತ್ತದ ಉತ್ಸಾಹದ ಚಿಲುಮೆಯೆಂದು ವರ್ಣಿಸುವುದುಂಟು. ಇದು ಭಕ್ತಿಯಿಂದ ಆಡಿದ ಮಾತಾದರೂ ವಾಚಕನಿಗೆ ಉಪಕಾರ ಮಾಡುವ ಮಾತಲ್ಲ. ಬತ್ತದ ಚಿಲುಮೆಯನ್ನು ಹುಟ್ಟುವಾಗಲೇ ಪಡೆದು ಬಂದವನ ಕಥೆಯಿಂದ, ಬೆಳಗ್ಗೆ ಏಳಲು ಬೇಸರಪಡುವ ಗೃಹಸ್ಥನು ಕಲಿಯುವುದೇನಿದೆ? ಅವನು ಕೈಮುಗಿದು, ತನಗೆ ಅದು ಸಾಧ್ಯವಿಲ್ಲವೆಂದು ಮತ್ತೆ ಮುಸುಕು ಹಾಕಿಕೊಳ್ಳುವನು. ಮನುಷ್ಯಮಾತ್ರನಾದವನಿಗೆ ಅಷ್ಟು ದೀರ್ಘಕಾಲ ದಿನಂಪ್ರತಿ ಸಮನಾದ ಹುರುಪು ಇರುವುದು ಸಾಧ್ಯವಲ್ಲ. ಬೇಸಗೆಯ ವಿಜಾಪುರದಲ್ಲಿ, ಸಾಲಗಾರನು ಬಂದುಹೋದ ಸಂಜೆ, ಎಣ್ಣೆ ಸವರಿದ ಗರಿಯು ಮತ್ತೊಮ್ಮೆ ಮುರಿದಾಗ ಯಾವ ಮನಸ್ಸಾದರೂ ಕುಗ್ಗದಿರದು. ಕುಗ್ಗಿದ ದಿನವೂ ನಾಲ್ಕು ವಚನ, ಹಿಗ್ಗಿದ ದಿನವೂ ನಾಲ್ಕು ವಚನವೆಂಬಂತಹ ನಿಯಮದಿಂದಲ್ಲದೆ ಇಷ್ಟು ದೊಡ್ಡ ರಾಶಿ ಕೂಡಲಾರದು. ಶಿವಪೂಜೆಯಲ್ಲಿ ಲಿಂಗವಂತನು ಅನುಸರಿಸುವುದೂ ಇದೇ ಕ್ರಮವನ್ನು. ಭಕ್ತಿಯು ಉಕ್ಕಿದ ದಿನ ಮಾತ್ರ ಇಷ್ಟಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಳ್ಳಬೇಕೆಂದು ಯಾವ ಗುರುವೂ ಉಪದೇಶಿಸಿಲ್ಲ. ಸ್ನಾನವಾದೊಡನೆ ಪೂಜೆ, ಮನಸ್ಸು ಹಿಂದಿನಿಂದ ಬಂದು ಕೂಡಿಕೊಳ್ಳುವುದು. ಒಂದೊಂದು ದಿನ ಅದು ಬರುವುದೂ ಇಲ್ಲ, ಪೂಜೆ ಮಾತ್ರ ನಿಲ್ಲುವುದಿಲ್ಲ.

ಆ ರಾಶಿಯ ಗಾತ್ರವೇನೆಂಬುದನ್ನು ಎರಡು ಸಂಖ್ಯೆಗಳಿಂದ ತಿಳಿಯಬಹುದು. ಹಳಕಟ್ಟಿಯವರಿಗಿಂತ ಮೊದಲು ಕರ್ನಾಟಕ ಕವಿಚರಿತೆಕಾರರ ಗಮನಕ್ಕೆ ಬಂದಿದ್ದ ವಚನಕಾರರು ಸುಮಾರು 50 ಮಂದಿ. ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆಯು 200ನ್ನು ಮೀರಿತು. ಕಟ್ಟಿಗೆ ಕಡಿಯುವವರು, ಹಗ್ಗ ಹೊಸೆಯುವವರು, ಅಂಬಿಗರು, ಮಡಿವಾಳರು, ಹೆಣ್ಣುಮಕ್ಕಳು ತಮ್ಮ ತಮ್ಮ ಅಂಕಿತಗಳೊಂದಿಗೆ ಓಲೆಯಿಂದ ಎದ್ದು ಬಂದರು. ಶಿವಾನುಭವದಲ್ಲಿ ಕಂತುಕಂತಾಗಿ ಬಂದುದೇ ಅನಂತರ ಗ್ರಂಥಗಳಾದುದು ಬಹಳ. ಹರಿಹರನ ರಗಳೆಗಳನ್ನೂ ಅವರು ಸಂಪಾದಿಸಿ ಬೆಳಕಿಗೆ ತಂದರು. ಒಂದು ದೋಷವನ್ನೂ ಇಲ್ಲಿ ಹೇಳಬೇಕು. ಅವರ ಮುದ್ರಣಗಳಲ್ಲಿ ಪಾಠದ ತಪ್ಪುಗಳು ಉಳಿದಿವೆ. ಪಾಠಾಂತರಗಳನ್ನು ಕ್ರಮವಾಗಿ ಕಾಣಿಸುವ ಶಾಸ್ತ್ರೀಯ ಪದ್ಧತಿಯು ಅವುಗಳಲ್ಲಿ ಪೂರ್ಣವಾಗಿಲ್ಲ. ಮುಂದಿನ ವಿದ್ವಾಂಸರು ಅವನ್ನು ತಿದ್ದಿದರು. ಆದರೆ ಶುದ್ಧಪಾಠವು ದೊರೆತ ಮೇಲೆಯೇ ಅಚ್ಚು ಮಾಡುವೆನೆಂದು ಅವರು ಕಾದಿದ್ದರೆ ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ. ಪರಿಪೂರ್ಣವಾಗಿ ಮಾಡುವೆನೆಂಬ ಆಶೆಯೂ ಅನೇಕ ವೇಳೆ ಜಡತ್ವದ ಇನ್ನೊಂದು ವೇಷವಾಗಿರುತ್ತದೆ. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿ 20,000ಕ್ಕೂ ಮೇಲ್ಪಟ್ಟ ವಚನಗಳಿವೆ. ಆ ಸಂಪುಟಗಳ ಹಿಂದೆ ವಿಜಾಪುರದ ದೀಪದ ಬೆಳಕಿದೆ.

ಸನ್ಮಾನಗಳ ಮಾತನ್ನು ಬೇಗ ಮುಗಿಸಬಹುದು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಆಂಗ್ಲ ಸರಕಾರವು ರಾವಬಹಾದ್ದೂರ್ ಪದವಿಯನ್ನು ಕೊಟ್ಟಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ಇವುಗಳಿಗಿಂತ ಜನರ ನೆನಪಿನಲ್ಲಿ ಉಳಿದಿರುವುದು ಬಿ. ಎಂ. ಶ್ರೀಕಂಠಯ್ಯನವರ ಭೇಟಿಯ ಪ್ರಸಂಗ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಅಲ್ಲಿಯವರು ಅವರನ್ನು ಗೋಳಗುಮ್ಮಟವನ್ನು ತೋರಿಸಲು ಕರೆದರಂತೆ. ತಾವು ಮೊದಲು ನೋಡಬೇಕಾದುದು ವಚನಗಳ ಗುಮ್ಮಟವನ್ನೆಂದು ತಿಳಿಸಿ ಅವರು ಹಳಕಟ್ಟಿಯವರ ಮನೆಯ ದಾರಿ ಕೇಳಿದರೆಂದು ಪ್ರಸಿದ್ಧಿಯಿದೆ. ಗೋಳಗುಮ್ಮಟದಲ್ಲಿ ಒಂದು ಸಲ ಆಡಿದ ಮಾತು ಹಲವು ಸಲ ಮರುನುಡಿಯುತ್ತದೆ. ಹಳಕಟ್ಟಿಯವರ ಮನೆಯಲ್ಲಿ ಮರುನುಡಿಯು ಬರಲು ಬಹಳ ವರುಷ ಹಿಡಿಯಿತು.

ಈಗಲೂ ಬಮ್ಮಿಗಟ್ಟಿಯ ಸೀಮೆಯ ಮನೆಗಳಲ್ಲಿ ಶ್ರಾವಣಮಾಸದಲ್ಲಿ ವಚನವನ್ನು ಹಾಡುವವರಿದ್ದಾರೆ. ಕಳೆ ಕಿತ್ತು ದಣಿದು ಬಂದವರು ಸಂಜೆಯ ಹೊತ್ತು ಮಠದ ಪಡಸಾಲೆಯಲ್ಲಿ ಕುಳಿತು ಕೇಳುವರು. ಹಾಡುವವನ ಕೈಯಲ್ಲಿರುವ ಚಿಕ್ಕ ಪುಸ್ತಕವು ಎಷ್ಟೋ ಮುದ್ರಣಗಳನ್ನು ದಾಟಿ ಬಂದುದು. ಅದರ ಮೇಲೆ ಹಳಕಟ್ಟಿಯವರ ಹೆಸರು ಇರಲೂಬಹುದು, ಇಲ್ಲದಿರಲೂಬಹುದು.

ಅವರ ಮಿತ್ರರಾದ ಆಲೂರು ವೆಂಕಟರಾಯರು 1964ರ ಫೆಬ್ರುವರಿ 25ರಂದು ತೀರಿಕೊಂಡರು. ನಾಲ್ಕು ತಿಂಗಳ ಮೇಲೆ, ಜೂನ್ 29ರಂದು, ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು. 84 ವರುಷ ತುಂಬಲು ಅವರಿಗೆ ಇನ್ನು ಮೂರು ದಿನಗಳಿದ್ದುವು.